ಬೀಗ ಹಾಕದ ಲೇಖನಗಳು

ಭಾವನ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಅದನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ ಎಂದು ಶಿವಮೊಗ್ಗದ ವೈದ್ಯರು ಹೇಳಿದ ಮೇಲೆ, ಇಂಟರ್‌ನೆಟ್ಟಿನಲ್ಲಿ ಹುಡುಕಲು ಹೇಳಿದ್ದು ಅಕ್ಕನೋ, ನಾನೇ ಮುಂದೆ ಬಿದ್ದೆನೋ ಈಗ ಖಚಿತವಿಲ್ಲ. ಅಕ್ಕ ಎಂದೇ ಬರೆಯಲು ಕೈ ಹೋಗುತ್ತದೆ, ಅದಕ್ಕೇ ಅನುಮಾನ.

ಭಾವ ಭದ್ರಾವತಿಯಲ್ಲಿ ಎರಕದ ಕೆಲಸ ಮಾಡಿ ಮರಳಿನ ಧೂಳು ಕುಡಿದವರು. ನಾನು ಓದಿದ್ದು ಇತಿಹಾಸದ ಎಂ.ಎ. ಆದರೂ ಯೂನಿವರ್ಸಿಟಿಗೆ ಹೋದವಳಿಗೆ ಯೂನಿವರ್ಸಿಟಿಯವರು ಬರೆದದ್ದೆಲ್ಲ ಸಿಗಬೇಕೆಂಬುದು ಅಕ್ಕನ ಲೆಕ್ಕ.

ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಉಚಿತ ತಾಣದಲ್ಲಿ ಕಾಯಿಲೆಯ ಹೆಸರು ಟೈಪ್ ಮಾಡಿದೆ. ಬಲಬದಿಯಲ್ಲಿ ಪಿಡಿಎಫ್ ಎಂದಿದ್ದರೆ ಲೇಖನ ಪೂರ್ತಿ ತೆರೆಯುತ್ತಿತ್ತು. ಇಲ್ಲದಿದ್ದರೆ ಸಾರಾಂಶದ ಒಂದು ಪ್ಯಾರಾ, ಆಮೇಲೆ ಬೀಗ, ಡಾಲರಿನಲ್ಲಿ ದುಡ್ಡು ಕಟ್ಟಿದರಷ್ಟೇ ಮುಂದೆ. ತೆರೆದದ್ದನ್ನೆಲ್ಲ ಅಕ್ಕ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಥೀಸಿಸ್ಸಿನಂತೆ ಸ್ಪೈರಲ್ ಬೈಂಡಿಂಗ್ ಮಾಡಿಸಿದಳು. ದಪ್ಪಗಿದ್ದರೆ ಡಾಕ್ಟರು ಸುಮ್ಮನೆ ತಳ್ಳಿಹಾಕುವುದಿಲ್ಲವಂತೆ.

ವೈದ್ಯರು ತಾಳ್ಮೆಯಿಂದಲೇ ತಿರುವಿ ಹಾಕಿದರು. "ಇದ್ರಲ್ಲಿ ಗುಣ ಆಗಿರೋದೆಲ್ಲ ಇಲಿಗಳಿಗೆ, ಅಮ್ಮ."

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಉಸಿರು ಕೂಡಿಸಿಕೊಂಡು ನನಗೆ ಹೇಳಿದರು: "ಅಲ್ಲ ಮಾರಾಯ್ತಿ, ಕ್ವಾರ್ಟರ್ಸಲ್ಲಿ ಇಷ್ಟು ವರ್ಷ ಇಲಿ ಪಾಷಾಣ ಇಟ್ಟೆ. ಈಗ ನೋಡಿದ್ರೆ ಅವಕ್ಕೇ ಮೊದ್ಲು ಔಷಧಿ!"

"ನಗಬೇಡ್ರೀ, ಕೆಮ್ಮು ಬರುತ್ತೆ" ಎಂದಳು ಅಕ್ಕ. ಬಂತು.

ಮನುಷ್ಯರ ಮೇಲಿನ ಪ್ರಯೋಗದ ಲೇಖನಗಳು ಬೀಗದೊಳಗೇ ಇದ್ದವು. ಒಂದರ ಲೇಖಕರಿಗೆ ಇಮೇಲ್ ಬರೆದೆ, ಪಾಪ, ಕಳಿಸಿಕೊಟ್ಟರು. ಸಾರಾಂಶದಲ್ಲಿ ಭರವಸೆಯ ಮಾತಿತ್ತು. ಒಳಗೆ ಓದಿದರೆ, ಭಾವನಷ್ಟು ಕಾಯಿಲೆ ಮುಂದುವರಿದವರನ್ನು ಪ್ರಯೋಗಕ್ಕೇ ಸೇರಿಸಿಕೊಂಡಿರಲಿಲ್ಲ. ಅದನ್ನು ಅಕ್ಕನಿಗೆ ಹೇಳಿದೆ. ಸ್ಪಷ್ಟವಾಗಿ ಹೇಳಿದೆನೆಂದೇ ನೆನಪು.

"ಅಂದ್ರೆ, ಇಂಥೋರಿಗೆ ಕೊಟ್ಟು ನೋಡಿಲ್ಲ ಅಷ್ಟೇ ತಾನೆ? ಕೊಟ್ರೆ ಆಗಲ್ಲ ಅಂತ ಬರ್ದಿಲ್ವಲ್ಲ?"

"ಬರ್ದಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹುಡುಕೇ."

ಈಗಲೂ ಭದ್ರಾವತಿಗೆ ಹೋದಾಗಲೆಲ್ಲ ಹುಡುಕುತ್ತೇನೆ. ಅವೇ ಲೇಖನಗಳು ಬರುತ್ತವೆ. ನೀಲಿ ಶೀರ್ಷಿಕೆಗಳಲ್ಲಿ ಒಮ್ಮೆ ತೆರೆದವು ನೇರಳೆ ಬಣ್ಣಕ್ಕೆ ತಿರುಗಿರುತ್ತವೆ. ಇಂಗ್ಲಿಷ್ ಓದಲು ಬಾರದ ಅಕ್ಕ ಪಕ್ಕದಲ್ಲಿ ಕೂತು ಪರದೆ ನೋಡುತ್ತಾಳೆ. ಒಳಗಿನ ಕೋಣೆಯಲ್ಲಿ ಭಾವ ಕೆಮ್ಮುತ್ತಾರೆ. ನಾನು ಬೇಗ ಬೇಗ ಕೆಳಗೆ ಸರಿಸಿದರೆ ಅಕ್ಕ ನನ್ನ ಕೈ ಹಿಡಿದು, ಇನ್ನೂ ನೀಲಿಯಾಗೇ ಇರುವ ಒಂದು ಸಾಲನ್ನು ತೋರಿಸುತ್ತಾಳೆ. "ತಡಿ ತಡಿ, ಅದನ್ನ ಓದ್ಲಿಲ್ಲ ನೀನು."