ಬಾಗಿಲ ಹಿಂದಿನ ಅಕ್ಕನ ದನಿ

ತಪ್ಪು ನನ್ನದೇ. ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದ ಮೇಲೆ ಹೇಳಿದರೆ ಅದನ್ನೂ ಇನ್ಯಾರದೋ ದನಿಯಲ್ಲಿ ಹೇಳಿಬಿಡುವ ಪೈಕಿ ನಾನು. ಅಕ್ಕನ ಸಣ್ಣ ಮಗನಿಗೆ ಮೊಲೆಹಾಲು ಬಿಡಿಸಲೆಂದು ಅವನನ್ನು ಗಡಹಿಂಗ್ಲಜಕ್ಕೆ, ನಮ್ಮ ಅವ್ವನ ಮನೆಗೆ, ಎತ್ತಿಕೊಂಡು ಹೋದವನು ನಾನು. ಅಲ್ಲಿ ಅವನು ಅತ್ತಾಗಲೆಲ್ಲ ಬಾಗಿಲ ಹಿಂದೆ ನಿಂತು ಅಕ್ಕನ ದನಿ ತೆಗೆದು ಸುಮ್ಮನಾಗಿಸಿದವನೂ ನಾನೇ. ಆಗ ಅದು ದೊಡ್ಡ ಜಾಣತನ ಅನ್ನಿಸಿತ್ತು.

ನನ್ನ ಗಂಟಲಿನ ಬಗ್ಗೆ ಎರಡು ಮಾತು. ನನಗೆ ಬೇರೆ ವಿದ್ಯೆ ಹತ್ತಲಿಲ್ಲ. ಇಚಲಕರಂಜಿಯಲ್ಲಿ ಬಟ್ಟೆಯ ಥಾನು ಮಡಚುವ ಕೆಲಸ ಮಾಡುತ್ತೇನೆ, ಅದರಲ್ಲೂ ಅಂಚಿಗೆ ಅಂಚು ಕೂಡುವುದಿಲ್ಲ. ಆದರೆ ಒಬ್ಬ ಮನುಷ್ಯನ ಮಾತು ಒಂದು ಊಟದಷ್ಟು ಹೊತ್ತು ಕಿವಿಗೆ ಬಿದ್ದರೆ ಸಾಕು, ಅವನು ಎದ್ದು ಕೈ ತೊಳೆಯುವಷ್ಟರಲ್ಲಿ ನಾನು ಅವನಾಗಿರುತ್ತೇನೆ. ಅಕ್ಕನ ಗಂಡನನ್ನು ನಾವು ದಾಜಿ ಎನ್ನುತ್ತೇವೆ. ದಾಜಿ ಗೊರಕೆ ಹೊಡೆಯುವುದನ್ನು ದಾಜಿಯ ಎದುರಿಗೇ ಹೊಡೆದು ತೋರಿಸಿದ್ದೇನೆ. ಅವರು ಹೊಟ್ಟೆ ಹಿಡಿದು ನಕ್ಕರು, ಆಮೇಲೆ "ಯಾಂವ ಅಂವ?" ಎಂದು ಕೇಳಿದರು. ನಿನ್ನನ್ನೇ ನೀನು ಮಾಡಿ ತೋರಿಸು ಎಂದು ಅಕ್ಕನ ದೊಡ್ಡ ಮಗಳು ಒಮ್ಮೆ ಹೇಳಿದಳು. ಬಾಯಿ ತೆರೆದೆ, ಏನೂ ಬರಲಿಲ್ಲ. ಅವಳು ಕಾದು ಕಾದು ಆಡಲು ಹೋದಳು.

ಅಕ್ಕನ ಮನೆ ಇಚಲಕರಂಜಿಗೆ ಹತ್ತಿದ ಕಬನೂರದಲ್ಲಿ. ಗೋಡೆಗೆ ಗೋಡೆ ಹಚ್ಚಿ ಮಗ್ಗದ ಶೆಡ್ಡು. ನಾನಿರುವುದೂ ಅವರ ಜೊತೆಯಲ್ಲೇ. ಮಗ್ಗ ಶುರುವಾದರೆ ಡಬ್ಬಿಯೊಳಗಿನ ಶೇಂಗಾ ಕೂಡ ನಡುಗುತ್ತದೆ. ಆ ಸಪ್ಪಳದಲ್ಲಿ ಕೂಗಿ ಪ್ರಯೋಜನವಿಲ್ಲ. ಶೆಡ್ಡಿನವರು ಕೈ ಎತ್ತಿ, ಎದುರಿನವನ ಕಣ್ಣು ಸಿಗುವವರೆಗೆ ಕಾದು, ಆಮೇಲೆ ದನಿಯಿಲ್ಲದೆ ತುಟಿಯಲ್ಲಿ ಮಾತಾಡುತ್ತಾರೆ. ಅಕ್ಕ ಮದುವೆಯಾದಾಗಿನಿಂದ ಅಲ್ಲಿಯೇ ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಸಣ್ಣವನು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದಳು. ಈಗ ಅವನಿಗೆ ಎರಡು ತುಂಬುತ್ತ ಬಂದಿತ್ತು, ಶೆಡ್ಡಿನಿಂದ ಮತ್ತೆ ಕರೆ ಬಂದಿತ್ತು. ಅವನೋ ಮೊಲೆ ಬಿಡುತ್ತಿರಲಿಲ್ಲ.

ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು ನೋಡಿದಳು. ಅವನು ಒಮ್ಮೆ ಚೀಪಿ, ಮುಖ ಹಿಂಡಿ, ಅವಳ ಸೆರಗಿನ ತುದಿಯಿಂದಲೇ ಚೆನ್ನಾಗಿ ಒರೆಸಿ, ಮತ್ತೆ ಕುಡಿದ. ಅದನ್ನು ನಾನು ಬಾಜೂ ಮನೆಯ ಹಿರಿಯಾಕೆ ಕಾಕುವಿಗೆ ಅಭಿನಯಿಸಿ ತೋರಿಸಿದೆ. ಕಾಕು ನಗುತ್ತಲೇ ತೀರ್ಪು ಕೊಟ್ಟರು.

"ಕಣ್ಮುಂದ ತಾಯಿ ಇದ್ರ ಯಾ ಕೂಸು ಬಿಡತೈತಿ? ಅಜ್ಜಿ ಮನಿಗೆ ಕಳಸ್ರಿ. ನಮ್ಮವೆಲ್ಲಾ ಹಂಗ ಬಿಟ್ಟಾವು."

ಅಕ್ಕನೂ ಹಾಗೆಯೇ ಬಿಟ್ಟಿದ್ದಳಂತೆ, ನಾನೂ ಹಾಗೆಯೇ. ದೊಡ್ಡವಳನ್ನೂ ಗಡಹಿಂಗ್ಲಜಕ್ಕೇ ಕಳಿಸಿ ಬಿಡಿಸಿದ್ದರು. ಆದ್ದರಿಂದ ಯಾರೂ ಹೆಚ್ಚು ಮಾತಾಡಲಿಲ್ಲ. ದಾಜಿ "ನಿನಗ ಹೆಂಗ ಅನಸ್ತೈತಿ ನೋಡ" ಎಂದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. "ಕಳಸೂಣಂತ" ಎಂದಳು, ರೊಟ್ಟಿ ತಿರುವಿ ಹಾಕಿದಳು.

ಹೊರಡುವ ದಿನ ಅವಳು ಹೊಸ್ತಿಲ ಈಚೆಗೆ ಬರಲಿಲ್ಲ. ಚೀಲದಲ್ಲಿ ಅವನ ಅಂಗಿ ಚಡ್ಡಿ, ಒಂದು ಡಬ್ಬಿ ತಂಬಿಟ್ಟು, ಅವಳದೊಂದು ಹಳೆಯ ಸೀರೆ. "ಸೀರಿ ಯಾಕ, ನಾ ಉಟಗೊಳ್ಳಾಕೇನ?" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. "ಮೂಸಿ ಮಕ್ಕೊಂತಾನ" ಎಂದಷ್ಟೇ ಹೇಳಿ ಒಳಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸಪ್ಪಳ. ಪಾತ್ರೆಗಳನ್ನು ಬೆಳಿಗ್ಗೆಯೇ ತಿಕ್ಕಿಟ್ಟಿದ್ದಳು.

ಬಸ್ಸಿನಲ್ಲಿ ಸಣ್ಣವನು ಚೆನ್ನಾಗಿಯೇ ಇದ್ದ. ಕಂಡಕ್ಟರ್ "ಚಲಾ, ಪುಢೆ ಸರಕಾ" ಎಂದಾಗಲೆಲ್ಲ ನಾನೂ ಅದೇ ದನಿಯಲ್ಲಿ ಅಂದೆ, ಮಂದಿ ಎರಡೆರಡು ಸಲ ಮುಂದೆ ಸರಿದರು. ಗಡಹಿಂಗ್ಲಜ ಬಂದು ಅವ್ವನ ಮನೆ ಸೇರುವವರೆಗೂ ಅವನಿಗೆ ಇದೊಂದು ತಿರುಗಾಟ. ಸಂಜೆಯಾಯಿತು. ಹಾಲಿನ ಹೊತ್ತು ಬಂತು. ಆಗ ಶುರು ಮಾಡಿದ.

ಅವ್ವ ಎತ್ತಿಕೊಂಡಳು, ತಟ್ಟಿದಳು, ದನದ ಕೊಟ್ಟಿಗೆ ತೋರಿಸಿದಳು, ಬೆಲ್ಲ ನೆಕ್ಕಿಸಿದಳು. ಅವನು ಸೀರೆಯನ್ನು ಮೂಸಿ, ಸೀರೆಯೊಳಗೆ ಯಾರೂ ಇಲ್ಲವೆಂದು ತಿಳಿದು, ಇನ್ನೂ ಜೋರಾಗಿ ಅತ್ತ. ನನಗೆ ಬೇರೇನೂ ಬಾರದು. ನಡುಮನೆಯ ಬಾಗಿಲ ಹಿಂದೆ ಹೋಗಿ ಅಕ್ಕನಾದೆ.

"ಬಾ ನನ ರಾಜಾ... ಬಾ."

ಅಕ್ಕ ಹಾಗೆಯೇ ಕರೆಯುವುದು. ಮೊದಲ ಬಾ ಉದ್ದ, ಎರಡನೆಯದು ಅರ್ಧಕ್ಕೇ ಕಡಿದುಹೋಗುತ್ತದೆ, ಕೈಯಲ್ಲಿ ಯಾವಾಗಲೂ ಏನೋ ಕೆಲಸ ಇರುವುದರಿಂದ. ಆ ಕಡಿತವನ್ನೂ ಸರಿಯಾಗಿ ಹಾಕಿದೆ. ಅಳು ನಿಂತಿತು. ಬಾಗಿಲನ್ನೇ ನೋಡುತ್ತ, ಬಿಕ್ಕುತ್ತ, ಅವ್ವನ ತೊಡೆಯ ಮೇಲೆ ನಿದ್ದೆ ಹೋದ.

"ಖರೇನ ಅಕಿನ ಬಂದಾಳ ಅಂತ ನಾನೂ ಹೊಳ್ಳಿ ನೋಡ್ದೆ" ಎಂದಳು ಅವ್ವ. ಇನ್ನೇನು ಬೇಕು ನನಗೆ.

ಮರುದಿನವೂ ಅದನ್ನೇ ಮಾಡಿದೆ, ಅದರ ಮರುದಿನವೂ. ತಾಯಿಯನ್ನು ಹುಡುಕುತ್ತ ಅವನು ಬಾಗಿಲ ಹಿಂದೆ ಬಂದ. ಬಂದರೆ ನಾನಿದ್ದೆ. ಮೊದಲು ಅತ್ತ. ಆಮೇಲೆ ನನ್ನ ಬಾಯನ್ನು ನೋಡುತ್ತ ನಿಂತ. ಆಮೇಲೆ ತಾನೇ ನನ್ನ ಗಲ್ಲ ಹಿಡಿದು "ಅವ್ವಾ" ಎಂದ. ಅಂದರೆ, ಅದನ್ನು ಹಚ್ಚು. ರೇಡಿಯೋ ಹಚ್ಚುವ ಹಾಗೆ ಹಚ್ಚಿದೆ. ತಂಬಿಟ್ಟು ತಿಂದ, ಬಟ್ಟಲ ಹಾಲು ಕುಡಿದ, ಮೊಲೆ ಮರೆತ. ಎಲ್ಲರೂ ನನ್ನನ್ನು ಹೊಗಳಿದರು.

ಅಕ್ಕ ಸಂಜೆ ಫೋನು ಮಾಡುತ್ತಿದ್ದಳು. ಒಮ್ಮೆ ಫೋನನ್ನು ಅವನ ಕಿವಿಗೆ ಹಿಡಿದೆ. ಅತ್ತ ಕಡೆಯಿಂದ ಅಕ್ಕ "ಬಾ ನನ ರಾಜಾ" ಎಂದಳು. ಅವನು ಫೋನು ನೋಡಲಿಲ್ಲ, ನನ್ನ ಬಾಯಿ ನೋಡಿದ. ಅದು ಮುಚ್ಚಿತ್ತು. ನನ್ನ ಕೆಳತುಟಿಯನ್ನು ಬೆರಳಿನಿಂದ ಜಗ್ಗಿದ.

"ನನ್ನ ದನಿ ಕೇಳಿದ್ನೇನೋ?" ಎಂದಳು ಅಕ್ಕ.

"ದಿನಾ ಕೇಳ್ತಾನ" ಎಂದೆ. ಅದು ಸುಳ್ಳಲ್ಲ, ಅದಕ್ಕೇ ಹೇಳಲು ಸುಲಭವಾಯಿತು.

ಹಾಲು ಪೂರ್ತಿ ಬಿಟ್ಟ ಎಂದು ಅವ್ವ ಹೇಳಿದ ಮೇಲೆ ವಾಪಸು ಹೊರಟೆವು. ನೇರ ಬಸ್ಸು ತಪ್ಪಿದ್ದರಿಂದ ಕೊಲ್ಹಾಪುರಕ್ಕೆ ಹೋಗಿ ಅಲ್ಲಿಂದ ಬಂದೆವು. ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಅವನಿಗೊಂದು ಪೀಪಿ ಕೊಡಿಸಿದೆ. ತಾಯಿ ಮಗ ಮತ್ತೆ ಭೇಟಿಯಾಗುವುದನ್ನು ನೋಡಿ ನಂತರ ಊರಿಗೆಲ್ಲ ಹೇಗೆ ಅಭಿನಯಿಸಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಕ್ಕ ಓಡಿ ಬರುವುದು, ಇವನು ಜಿಗಿಯುವುದು, ದಾಜಿ ಮೂಗು ಒರೆಸಿಕೊಳ್ಳುವುದು.

ಮಗ್ಗಗಳಿಗೆ ವಾರದ ರಜೆಯ ದಿನ ಅದು. ಓಣಿಯೆಲ್ಲ ಗಪ್ಪಗಿತ್ತು. ಅಕ್ಕ ಒಳಗೆ ಬಟ್ಟೆ ಮಡಚುತ್ತಿದ್ದಳು. ನಾವು ಹೊಸ್ತಿಲು ದಾಟಿದ್ದು ಕಂಡು ಎದ್ದಳು.

"ಬಾ ನನ ರಾಜಾ... ಬಾ."

ಸಣ್ಣವನು ನನ್ನ ತೋಳಿನಲ್ಲಿದ್ದ. ತಾಯಿ ಎದುರಿಗಿದ್ದಳು. ಅವನು ಹೊರಳಿ ನನ್ನ ಬಾಯಿಯನ್ನು ನೋಡಿದ. ಅಕ್ಕ ಮತ್ತೊಮ್ಮೆ ಕರೆದಳು. ಅವನು ನನ್ನ ಗಲ್ಲ ತಟ್ಟಿ, ಖುಷಿಯಿಂದ "ಅವ್ವಾ" ಎಂದ.

ದೊಡ್ಡವಳು ನಕ್ಕುಬಿಟ್ಟಳು. "ಮಾಮಾ ಅವ್ವ ಆಗ್ಯಾನ!" ದಾಜಿಯೂ ನಗಲು ಹೋಗಿ ಅಕ್ಕನ ಮುಖ ನೋಡಿ ಅರ್ಧಕ್ಕೆ ಬಿಟ್ಟರು. ನಾನು ಆಗಲೇ ಎಲ್ಲ ಹೇಳಬೇಕಾಯಿತು: ಬಾಗಿಲು, ದನಿ, ಫೋನು. ಅಕ್ಕ ಪೂರ್ತಿ ಕೇಳಿದಳು. ಬೈಯಲಿಲ್ಲ. ಕುಳಿತು ಉಳಿದ ಬಟ್ಟೆ ಮಡಚಿದಳು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ.

ಅವಳನ್ನು ನಗಿಸಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದೆ. ಮೂಲೆಯ ಕಸದ ಬುಟ್ಟಿಯಲ್ಲಿ ಬಾಡಿದ ಮಲ್ಲಿಗೆ ಮಾಲೆಗಳು ರಾಶಿ ಬಿದ್ದಿದ್ದವು. ತಕ್ಷಣ ದಾಜಿಯ ದನಿ ತೆಗೆದೆ. "ಏನಬೇ, ಮನ್ಯಾಗ ಕೂಸಿಲ್ಲಂತ ದಿನಾ ಹೂವ ಮುಡದ ಮೆರದೀ ಏನ?"

ಪೀಪಿ ಊದುತ್ತಿದ್ದ ಸಣ್ಣವನನ್ನು ನೋಡಲು ಬಂದಿದ್ದ ಬಾಜೂ ಮನೆಯ ಕಾಕು ನನ್ನ ತಲೆಗೆ ಒಂದು ಬಿಟ್ಟರು.

"ಖೋಡಿ, ತಲಿಗೆಲ್ಲಿ ಮುಡದಾಳ? ಹಾಲ ಕಟ್ಟಿ ಎದಿ ಕಲ್ಲಾಗಿತ್ತ ಅಕೀದು. ಹಾಲ ಬತ್ತಲಿ ಅಂತ ಎದಿಗೆ ಹೂವ ಕಟಗೊಂಡ ಮಕ್ಕೋತಿದ್ಲು. ಜ್ವರಾ ಬಂದಿದ್ವು."

ಫೋನಿನಲ್ಲಿ ಜ್ವರದ ಮಾತು ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಅಕ್ಕ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ದಿನಗಳು ಒಂದೇ ಥರ. ಅಕ್ಕ ಏಳುತ್ತಾಳೆ, ದೊಡ್ಡವಳ ಜಡೆ ಹಾಕುತ್ತಾಳೆ, ಸಣ್ಣವನ ಕುಂಡೆ ತೊಳೆಯುತ್ತಾಳೆ, ಡಬ್ಬಿ ಕಟ್ಟುತ್ತಾಳೆ. ದೊಡ್ಡವಳು ಹಾಲು ಚೆಲ್ಲಿದರೆ ಒರೆಸುತ್ತಾಳೆ, ಮತ್ತೆ ಚೆಲ್ಲಿದರೆ ಮತ್ತೆ ಒರೆಸುತ್ತಾಳೆ. ಸಿಟ್ಟಾಗಲಿ ನಗುವಾಗಲಿ ಇಲ್ಲ. ಕಾಂಡಿ ಯಂತ್ರದ ಮುಂದೆ ಹೇಗೆ ಕೈ ತಾನೇ ನಡೆಯುತ್ತದೋ ಹಾಗೆ ಮನೆಯಲ್ಲೂ ನಡೆಯುತ್ತಿತ್ತು. ಸಣ್ಣವನು ಅವಳ ತೊಡೆ ಏರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಅವಳು ಕರೆದರೆ ಮಾತ್ರ ನನ್ನ ಕಡೆ ಹೊರಳುತ್ತಿದ್ದ. ನಾನು ಮನೆಯಲ್ಲಿ ಇಲ್ಲದಿದ್ದರೆ ಬಾಗಿಲ ಹಿಂದೆ ಹೋಗಿ ಹುಡುಕುತ್ತಿದ್ದನಂತೆ. ಅಕ್ಕ ಕರೆಯುವುದನ್ನು ಕಡಿಮೆ ಮಾಡಿದಳು. ಆಮೇಲೆ ಅವಳ ದನಿಯೇ ಮನೆಯಲ್ಲಿ ಕೇಳದಾಯಿತು. ಕೆಲಸಕ್ಕೆ ಯಾವಾಗ ಬರುತ್ತೀ ಎಂದು ಶೆಡ್ಡಿನವರು ಕೇಳಿ ಕಳಿಸಿದರೆ ತಲೆ ಅಲ್ಲಾಡಿಸಿದಳು, ಹೂಂ ಎಂದೋ ಉಹೂಂ ಎಂದೋ ದಾಜಿಗೂ ತಿಳಿಯಲಿಲ್ಲ.

"ಏನರೆ ಮಾಡೋ ಮಾರಾಯಾ. ಇಂವ ಅಕೀ ಕರದ್ರ ಓ ಅನ್ನೂತನಕಾ ಅಕಿ ಹಿಂಗ ಇರಾಕಿ" ಎಂದರು ದಾಜಿ.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ಸಣ್ಣವನ ಮುಂದೆ ಊರಿನವರನ್ನೆಲ್ಲ ಮಾಡಿ ತೋರಿಸಿದೆ. ಕಾಕು, ದಾಜಿ, ಬಸ್ಸಿನ ಕಂಡಕ್ಟರ್, ನನ್ನ ಕೆಲಸದ ಮೇಸ್ತ್ರಿ ಮುಕಾದಮ, ನಾಯಿ. ಎಲ್ಲವೂ ನನ್ನ ಬಾಯಿಂದಲೇ ಬರುತ್ತವೆ, ಅವನ ಅವ್ವ ಇದರಲ್ಲಿ ಒಬ್ಬಳಲ್ಲ ಎಂದು ತಿಳಿಯಲಿ ಎಂಬುದು ನನ್ನ ತರ್ಕ. ಅವನು ಎಲ್ಲ ನೋಡಿ, ಚಪ್ಪಾಳೆ ತಟ್ಟಿ, ಕಡೆಗೆ ನನ್ನ ಗಲ್ಲ ಹಿಡಿದು "ಅವ್ವಾ" ಎಂದ. ಅಕ್ಕ ಅಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಮುಂದಿನ ರಜೆಯ ದಿನ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದೆವು. ಮತ್ತೆ ಆ ಗಪ್ಪು. ಸಣ್ಣವನು ನನ್ನ ಬಳಿ ಡಬ್ಬಿ ಮುಚ್ಚಳ ಉರುಳಿಸುತ್ತಿದ್ದ. ಅಕ್ಕ ಒಂದು ಬಟ್ಟಲಲ್ಲಿ ಹಾಲು ಅನ್ನ ಕಲಸಿಕೊಂಡು ಬಂದು ನೆಲಕ್ಕೆ ಕುಳಿತಳು. ನಾನು ತುಟಿ ಬಿಗಿದುಕೊಂಡೆ, ಈಗ ಕರೆಯುತ್ತಾಳೆ, ಇವನು ಹೊರಳುತ್ತಾನೆ ಎಂದು.

ಅವಳು ಕರೆಯಲಿಲ್ಲ. ಕೈ ಎತ್ತಿದಳು, ಶೆಡ್ಡಿನಲ್ಲಿ ಎತ್ತುವ ಹಾಗೆ. ಎತ್ತಿದ ಕೈ ಹಾಗೆಯೇ ಇತ್ತು. ಮುಚ್ಚಳ ಉರುಳಿ ಬಿತ್ತು, ಸಣ್ಣವನು ಅದನ್ನು ಹಿಡಿಯಲು ಹೋಗಿ ಅಕ್ಕನ ಕಡೆ ನೋಡಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಆಗ ಅಕ್ಕ ತುಟಿ ಆಡಿಸಿದಳು. ಮೊದಲನೆಯದು ಉದ್ದ, ಎರಡನೆಯದು ಅರ್ಧ. ದನಿ ಇರಲಿಲ್ಲ.

ದೊಡ್ಡವಳಿಗೆ ಗಾಬರಿಯಾಯಿತು. "ಅವ್ವಾ, ಮಗ್ಗ ಬಂದ್ ಅದಾವಲ್ಲ? ಜೋರಾಗಿ ಮಾತಾಡ."

ಸಣ್ಣವನು ಅಭ್ಯಾಸದಂತೆ ನನ್ನ ಬಾಯಿ ನೋಡಿದ. ನನ್ನಲ್ಲಿ ಏನೂ ಇರಲಿಲ್ಲ. ಮತ್ತೆ ಅವಳನ್ನು ನೋಡಿದ. ಅಕ್ಕ ಇನ್ನೊಮ್ಮೆ ತುಟಿಯಲ್ಲಿ ಕರೆದಳು. ಅವನು ಮುಚ್ಚಳ ಬಿಟ್ಟು ನಡೆದುಹೋಗಿ, ಅವಳ ಎದುರು ನಿಂತು, ಅವಳ ತುಟಿಯ ಮೇಲೆ ಬೆರಳಿಟ್ಟ. ಇದು ಎಲ್ಲಿಂದ ಬರುತ್ತಿದೆ ಎಂದು ಒತ್ತಿ ನೋಡಿದ. ಆಮೇಲೆ "ಓ" ಎಂದು ತೊಡೆಯ ಮೇಲೆ ಕುಳಿತ.

ದಾಜಿ ಎದ್ದು ಹೊರಗೆ ಹೋದರು. ಅಕ್ಕ ಅವನ ಬಾಯಿಗೆ ಒಂದು ತುತ್ತಿಟ್ಟಳು, ಇನ್ನೊಂದು ಇಟ್ಟಳು. ಅವಳ ಮುಖದಲ್ಲಿ ದೊಡ್ಡದೇನೂ ಆಗಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಅವನ ಬಾಯನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು.

ನಾನು ಸುಮ್ಮನೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಎದ್ದು ನಿಂತೆ, ಎದೆಯ ಮೇಲೆ ಕೈ ಇಟ್ಟೆ, ನಾಟಕದವರ ಹಾಗೆ.

"ಅಕ್ಕಾ, ನಿನ್ನಾಣಿ, ಇನ್ನ ಮ್ಯಾಲ ನಿನ್ನ ದನಿ ತಗ್ಯಾಂಗಿಲ್ಲ. ಇವತ್ತಿನಿಂದ ನಿನ್ನ ದನಿ ನಿನಗ ವಾಪಸ್."

ಅಕ್ಕ ಸಣ್ಣವನನ್ನು ಸ್ವಲ್ಪ ಎತ್ತಿ, ಕೆಳಗೆ ಕೈಯಾಡಿಸಿ, ಮೂಸಿ ನೋಡಿದಳು. ಗಡಹಿಂಗ್ಲಜದಿಂದ ಬಂದ ಮೇಲೆ ನನ್ನ ಕಡೆ ತಿರುಗಿ ಅವಳು ಆಡಿದ ಮೊದಲ ಮಾತು, ಅದೂ ಬಾಯಿ ತುಂಬ, ಓಣಿಗೆ ಕೇಳುವ ಹಾಗೆ:

"ವಾಪಸ್ ಬ್ಯಾಡ, ನೀನ ಇಟ್ಗೋ. ಇಂವ ಚಡ್ಡ್ಯಾಗ ಮಾಡ್ಯಾನ, ಅದ ದನೀಲೆ ಕರದು ತೊಳದ ಕೊಡ."