ಶನಿವಾರದ ಉಪದ್ರ

ಬಲಗೈಯ ತೋರುಬೆರಳೊಂದನ್ನೇ ಎತ್ತಿ ಹಿಡಿದು, ಕತ್ತು ಮುಂದಕ್ಕೆ ಚಾಚಿ, ಕೀಬೋರ್ಡಿನ ಮೇಲೆ ಅಕ್ಷರ ಹುಡುಕುವ ನಮ್ಮ ಮಾಷ್ಟ್ರನ್ನು ನೋಡಿದರೆ ಹೊಳೆಬದಿಯಲ್ಲಿ ಮೀನಿಗೆ ಕಾಯುವ ಕೊಕ್ಕರೆಯ ನೆನಪಾಗುತ್ತಿತ್ತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಆ ಬೆರಳಿನ ತುದಿ ಒಣಗಿ ಬಿರಿದಿತ್ತು. ಬೇಕಾದ ಅಕ್ಷರ ಕಂಡಿತೆಂದರೆ ಠಪ್ಪೆಂದು ಹೊಡೆಯುತ್ತಿದ್ದರು, ಜಿರಲೆ ಹೊಡೆದ ಹಾಗೆ. ಮತ್ತೆ ಮುಂದಿನ ಅಕ್ಷರದ ಬೇಟೆ. ಪಕ್ಕದಲ್ಲಿ ಕೂತ ನನಗೆ ಕೈ ತುರಿಸುತ್ತಿತ್ತು. ನೀವು ಹೇಳಿ, ನಾನು ಹೊಡೆಯುತ್ತೇನೆ ಎಂದರೆ, "ನಿಂಗೆ ಎಂತ ಅರ್ಜೆಂಟ್ ಮಾರಾಯ್ತಿ" ಎನ್ನುತ್ತಿದ್ದರು.

ನನಗೆ ಅರ್ಜೆಂಟೇ ಇತ್ತು. ಹುಟ್ಟಿದಂದಿನಿಂದ ಇತ್ತು. ಗಂಗೊಳ್ಳಿಯ ಮೀನುಗಾರರ ಮನೆ ನಮ್ಮದು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ಹೊತ್ತದ್ದರಿಂದ ನಾನು ಓದಿದೆ. ೧೯೯೭ರಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಹೊಳೆ ದಾಟಿ ಕುಂದಾಪುರದಲ್ಲಿ ಬಿ.ಎಸ್ಸಿ., ಮತ್ತೆ ಬಿ.ಎಡ್. ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಂದೊಂದು ಪರೀಕ್ಷೆಯೂ ನನ್ನನ್ನು ಒಂದೊಂದು ಮೆಟ್ಟಿಲು ಹತ್ತಿಸಿತು. ಹಾಗಾಗಿ ಪರೀಕ್ಷೆಯನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ಇಂದಿಗೂ ನನಗಾಗುವುದಿಲ್ಲ. ಮಾಷ್ಟ್ರು ಅಂಥವರು.

ಗಂಗೊಳ್ಳಿಯ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ಮನೆ ಕುಂದಾಪುರದಲ್ಲಿ. ಹತ್ತು ನಿಮಿಷದ ಹೊಳೆಯನ್ನು ದೋಣಿಯಲ್ಲಿ ದಾಟಲು ಹೆದರಿ, ತ್ರಾಸಿಯ ದಾರಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ ಅವರನ್ನು ಕಂಡು ಇಡೀ ಗಂಗೊಳ್ಳಿ ನಗಾಡುತ್ತಿತ್ತು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬಾರದೇ? ಕಂಪ್ಯೂಟರ್ ಕೊಂಡರು. ಮನೆಯ ಫೋನಿನ ತಂತಿಯಲ್ಲೇ ಇಂಟರ್ನೆಟ್. ಅದು ಹಿಡಿದರೆ ಫೋನಿಲ್ಲ. ಬ್ರಹ್ಮಾವರಕ್ಕೆ ಕೊಟ್ಟ ಮಗಳು ಸತ್ತರೂ ಬದುಕಿದರೂ ಶನಿವಾರ ಮಾತ್ರ ತನಗೆ ಗೊತ್ತಾಗುವುದಿಲ್ಲ ಎಂದು ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು.

ಯಾಕೆ ಶನಿವಾರವೆಂದರೆ, ಇಂಟರ್ನೆಟ್ಟಿನಲ್ಲಿ ಅವರಿಗೆ ಯಾವುದೋ ದೇಶದ ಪುಟವೊಂದು ಸಿಕ್ಕಿತ್ತು. ತೀರ ಚುರುಕಾದ ಮಕ್ಕಳಿಗೆಂದೇ ಮಾಡಿದ ಒಗಟು, ಲೆಕ್ಕ, ಮನೆಯಲ್ಲಿ ಮಾಡುವ ಪ್ರಯೋಗ, ಎಲ್ಲ ಧರ್ಮಕ್ಕೆ. ಅದನ್ನು ಕಂಡದ್ದೇ ಮಕ್ಕಳನ್ನು ಕಳಿಸೆಂದು ನನ್ನ ಬೆನ್ನು ಹತ್ತಿದರು. ಆಗಷ್ಟೇ ಗಂಗೊಳ್ಳಿಯ ಪ್ರಾಥಮಿಕ ಶಾಲೆಯ ಟೀಚರಾಗಿದ್ದ ನಾನು ಕ್ಲಾಸಿಗೆ ಫಸ್ಟ್ ಬಂದವರ ಹೆಸರು ಕೊಟ್ಟೆ. ಅವರು ಬೇಡವಂತೆ. "ನಿಂಗೆ ಉಪದ್ರ ಕೊಡೋರ್ ಯಾರ್, ಅವ್ರನ್ನ್ ಕಳ್ಸ್" ಎಂದರು. ಶನಿವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ಅಂಥ ಏಳೆಂಟು ಉಪದ್ರಗಳು ಸೇರಿದವು.

ಆ ಪುಟದಲ್ಲಿದ್ದುದೆಲ್ಲ ಅಲ್ಲಿಯ ಮಕ್ಕಳಿಗೆ. ಬೀಳುವ ಹಿಮವನ್ನು ಕಪ್ಪು ಕಾಗದದ ಮೇಲೆ ಹಿಡಿದು ನೋಡಿ ಎಂದಿತ್ತು ಒಮ್ಮೆ. ಬಿಟ್ಟುಬಿಡಿ ಎಂದೆ. ಬಿಟ್ಟಾರೆಯೇ? ಗಂಗೊಳ್ಳಿಯ ಐಸ್ ಪ್ಲಾಂಟಿನಿಂದ ಪುಡಿ ಐಸು ತರಲು ನನಗೇ ಹೇಳಿದರು. ದೋಣಿ ತಪ್ಪಿ ಹಿಡಿದ ಬಸ್ಸು ಕುಂದಾಪುರ ಮುಟ್ಟುವಾಗ ಡಬ್ಬಿಯಲ್ಲಿ ಮೀನು ವಾಸನೆಯ ನೀರು, ನನ್ನ ಸೀರೆಯೂ ಒದ್ದೆ. ಅವರಿಗೆ ಬೇಸರವೇ ಇಲ್ಲ. ಟೀಚರ್ ಯಾವ ಸ್ಟಾಪು ದಾಟುವಾಗ ಅರ್ಧ ಕರಗಿರಬಹುದು ಎಂದು ಮಕ್ಕಳನ್ನು ಕೇಳಿದರು. ಎರಡು ತಾಸು ಅದೇ ಚರ್ಚೆ. ನಾನು ಸೆರಗು ಹಿಂಡುತ್ತಾ ಕೂತಿದ್ದೆ.

ಆಗಿನ ಇಂಟರ್ನೆಟ್ಟಿನಲ್ಲಿ ಒಂದು ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಲು ಕಾಲು ಗಂಟೆ ಬೇಕಿತ್ತು. ನನಗೆ ತಲೆ ಚಿಟ್ಟು ಹಿಡಿಯುತ್ತಿದ್ದರೆ ಮಾಷ್ಟ್ರು ಅದನ್ನೇ ಆಟ ಮಾಡಿದರು. ಕಂಡಷ್ಟರಲ್ಲೇ ಕೆಳಗೆ ಏನಿದೆಯೆಂದು ಹೇಳಬೇಕು, ಯಾಕೆಂದೂ ಹೇಳಬೇಕು. ಅವಸರದಲ್ಲಿ ಕೂಗಿದವರಿಗೆ, ನಿಧಾನಕ್ಕೆ ನೋಡಿ ಎಂದು ಒಂದೇ ಮಾತು: "ಉತ್ರ ಓಡಿ ಹೋತಿಲ್ಲೆ. ಕಾಣ್, ಸರಿ ಕಾಣ್."

ಆ ಮಾತೇ ನಮ್ಮನ್ನು ಮುಳುಗಿಸಿತು.

ಉಪದ್ರಗಳಲ್ಲಿ ಎಲ್ಲರಿಗಿಂತ ದೊಡ್ಡ ಉಪದ್ರ ನನ್ನ ಅಕ್ಕನ ಮಗಳು. ಐದನೇ ಕ್ಲಾಸು. ಆ ತಲೆ ಸಾಮಾನ್ಯದ್ದಲ್ಲವೆಂದು ನನಗೂ ಗೊತ್ತಿತ್ತು. ಅದಕ್ಕೇ ಸರಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸಿದೆ. ಸೀಟು ಸಿಕ್ಕಿದರೆ ಊಟ, ವಸತಿ, ಓದು ಎಲ್ಲ ಅವರದೇ. ಸಿಗದಿದ್ದರೆ ಏಳನೇ ಕ್ಲಾಸು ಮುಗಿದ ಮೇಲೆ ಅವಳ ತಲೆಗೂ ಬುಟ್ಟಿ. ಗಂಡ ಬೋಟಿನಲ್ಲಿ ತಿಂಗಳುಗಟ್ಟಲೆ ಹೊರಗಿರುವಾಗ ಅಕ್ಕನಿಗೊಂದು ಕೈ ಬೇಕಿತ್ತು. ಹಳೆಯ ಪ್ರಶ್ನೆಪತ್ರಿಕೆ ಮಾಡಿಸಿ ಎಂದು ಮಾಷ್ಟ್ರನ್ನು ಬೇಡಿಕೊಂಡೆ. ಆಗಲೆಂದರು. ಮಾಡಿಸಲಿಲ್ಲ.

ಪರೀಕ್ಷೆಯಲ್ಲಿ ಮೊದಲ ಪುಟದಲ್ಲೇ ಒಂದು ಲೆಕ್ಕ. ಹೆಂಗಸೊಬ್ಬಳು ಮುನ್ನೂರು ಮೀನು ಕೊಂಡು ಹನ್ನೆರಡು ಬುಟ್ಟಿಗೆ ಸಮ ಹಂಚಿದಳು, ಒಂದು ಬುಟ್ಟಿಯಲ್ಲಿ ಎಷ್ಟು? ಯಾವ ಮಗುವಾದರೂ ಇಪ್ಪತ್ತೈದಕ್ಕೆ ಗುರುತು ಹಾಕಿ ಮುಂದೆ ಹೋಗುತ್ತದೆ. ಆದರೆ ಅಕ್ಕ ಬಂಗುಡೆ ಮೀನು ಕೊಳ್ಳುವಲ್ಲಿ ನೂರು ಕೊಂಡವರಿಗೆ ಐದು ಮೇಲೆ ಹಾಕುವುದು ಕ್ರಮ. ಈ ಹುಡುಗಿ ಹುಟ್ಟಿದಂದಿನಿಂದ ಕಂಡ ನೂರು ಅದೇ, ನೂರೈದು. ಮುನ್ನೂರ ಹದಿನೈದು ಹನ್ನೆರಡಕ್ಕೆ ಪಾಲಾಗುವುದಿಲ್ಲ. ಸರಿಯಾಗಿ ಕಾಣಬೇಕಲ್ಲ, ಕಾಣುತ್ತಾ ಕೂತಳು. ಗಂಟೆ ಹೊಡೆಯಿತು. ಮುಂದಿನ ಪುಟಗಳೆಲ್ಲ ಖಾಲಿ.

ಹೊರಗೆ ಬಂದವಳು ಅಳಲೂ ಇಲ್ಲ. "ಇಪ್ಪತ್ತೈದ್ ಅಂದ್ರೆ, ಮೇಲ್ ಹಾಕಿದ್ ಹದ್ನೈದ್ ಎಲ್ಲಿಗ್ ಹೋಯ್ತ್ ಚಿಕ್ಕಿ?" ಎಂದು ನನ್ನನ್ನೇ ಕೇಳಿದಳು.

ಅಲ್ಲಿಂದ ಸೀದಾ ಮಾಷ್ಟ್ರ ಮನೆಗೆ ಹೋದೆ. ಕೇಳಿದವರ ಮುಖ ಅರಳಿತು. "ಅವ್ಳ್ ಲೆಕ್ಕ ಸರಿ ಇತ್ತಲೆ" ಎಂದರು.

"ಸರಿ ಲೆಕ್ಕಕ್ಕೆ ಸೀಟ್ ಕೊಡ್ತ್ರಾ ಮಾಷ್ಟ್ರೆ? ಉತ್ರ ಓಡಿ ಹೋತಿಲ್ಲೆ ಅಂತ ಕಲ್ಸಿದ್ರಿ. ಗಂಟೆ ಓಡತ್ತ್ ಅಂತ ಒಂದ್ ದಿನ ಆದ್ರೂ ಕಲ್ಸಿದ್ರ್ಯಾ? ನಿಮ್ಮನಿ ಮಕ್ಳಿಗಾರೆ ಕೂತ್ ಕಾಂಬುಕೆ ಪುರ್ಸೊತ್ತ್ ಇತ್ತ್. ನಮ್ಮಕ್ಳಿಗಿಲ್ಲೆ."

ನಾನು ಮತ್ತೆ ಆ ಜಗಲಿ ಹತ್ತಲಿಲ್ಲ. ಅಂದು ಆಡಿದ ಮಾತಿನಲ್ಲಿ ಒಂದಕ್ಷರವನ್ನೂ ನಾನು ಈಗ ಹಿಂದೆ ತೆಗೆದುಕೊಳ್ಳುವುದಿಲ್ಲ.

ಅಕ್ಕ ಮಗಳ ಶನಿವಾರದ ಪಾಠ ನಿಲ್ಲಿಸಿದಳು. ಮಧ್ಯಾಹ್ನ ಬೋಟು ಬರುವ ಹೊತ್ತಿಗೆ ಮಗಳು ಬಂದರಿನಲ್ಲಿ ಮೀನು ಹೆಕ್ಕಲಿ ಎಂದಳು. ನಾನು ಜಗಳಕ್ಕೆ ನಿಂತರೆ, ನೀನು ಓದಿ ಕಲಿತದ್ದು ನನ್ನ ಮೇಲೆ ಜೋರು ಮಾಡುವುದನ್ನೋ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು.

ಕೆಲವು ವಾರ ಕಳೆದು ಒಂದು ಶನಿವಾರ, ಕುಂದಾಪುರದಿಂದ ಬಂದ ದೋಣಿಯಿಂದ ಬಿಳಿ ಪಂಚೆಯೊಂದು ಇಳಿಯಿತು. ಮಾಷ್ಟ್ರು. ಬಸ್ಸು ಹಿಡಿದರೆ ಅಕ್ಕ ಬಂದರಿನಲ್ಲಿರುವ ಹೊತ್ತಿಗೆ ಮುಟ್ಟುವುದಿಲ್ಲವೆಂದು ದೋಣಿ ಹತ್ತಿದ್ದರು. ಇಳಿದವರೇ ಕಟ್ಟೆಯ ಬದಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದರು. ಮೀನಿನ ಹೆಂಗಸರು ನಗುತ್ತಲೇ ನೀರು ಕೊಟ್ಟರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಇಂಟರ್ನೆಟ್ಟಿನಿಂದ ತೆಗೆದ ಹಾಳೆಗಳು.

"ಹ್ವಾಯ್ ಮಾಷ್ಟ್ರೆ, ನೀವೂ ಮೀನ್ ತಿಂಬುಕೆ ಸುರು ಮಾಡಿದ್ರ್ಯಾ?" ಎಂದಳು ಅಕ್ಕ.

"ಮೀನ್ ಬೇಡ. ನಿನ್ ಮಗ್ಳನ್ನ್ ಒಂದೆರಡ್ ಗಂಟೆ ಬಿಡ್. ನಾನ್ ಇಲ್ಲೇ ಕೂತ್ಕಂತೆ."

"ಇಲ್ಲೇಯಾ? ವಾಸ್ನಿ ಬತ್ತ್."

"ಬರ್ಲಿ."

ಮೀನಿನ ಪೆಟ್ಟಿಗೆಯೊಂದನ್ನು ಕವುಚಿ ಹಾಕಿ ಕೂತೇಬಿಟ್ಟರು. ಅಲ್ಲಿಂದ ಮುಂದೆ ಎಲ್ಲ ಉಪದ್ರಗಳಿಗೂ ಶನಿವಾರವೆಂದರೆ ಬಂದರು. ಮಳೆಗಾಲದಲ್ಲಿ ಮಾತ್ರ ಬಸ್ಸು. ಹಾಳೆಗಳಿಗೆ ನೀರು ಹಾರುತ್ತಿತ್ತು, ಕಾಗೆಗಳು ಎಳೆದಾಡುತ್ತಿದ್ದವು. ದೋಣಿಯವನಿಗೆ ರೂಢಿಯಾಯಿತು, ಮಾಷ್ಟ್ರ ಹೊಟ್ಟೆಗೆ ಮಾತ್ರ ಆಗಲಿಲ್ಲ. ಅಷ್ಟಾದರೂ ಹಳೆಯ ಪ್ರಶ್ನೆಪತ್ರಿಕೆ ಒಂದನ್ನಾದರೂ ತಂದರೇ? ಇಲ್ಲ. ನಾನೇ ಮನೆಯಲ್ಲಿ ಕೂರಿಸಿ ಮಾಡಿಸಿದೆ.

ಹುಡುಗಿಯ ಏಳನೇ ಕ್ಲಾಸು ಮುಗಿಯಿತು. ಅಕ್ಕ ಏನೂ ಹೇಳದೆ ಅವಳನ್ನು ಹೈಸ್ಕೂಲಿಗೆ ಸೇರಿಸಿ ಬಂದಳು. ಯಾಕೆ ಮನಸ್ಸು ತಿರುಗಿತೆಂದು ಕೇಳಿದರೆ ನನ್ನ ಮೇಲೆಯೇ ಸಿಡುಕಿದಳು: "ಅವ್ರ್ ಪ್ರತಿ ಸಲ ಕಾರ್ಕಂಡ್ ಬತ್ರ್. ಅಷ್ಟ್ ಕಾರಿಯೂ ಬಪ್ಪರಿಗೆ ಇಲ್ಲೆ ಅಂಬುದ್ ಹ್ಯಾಂಗೆ?"

ಹುಡುಗಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮಾಷ್ಟ್ರು ಹೋದರು. ಬೆಳಿಗ್ಗೆ ಕಾಫಿ ಕುಡಿದವರು ಹಾಗೆಯೇ ಕುರ್ಚಿಗೆ ಒರಗಿದ್ದರಂತೆ. ಅಕ್ಕ ಆ ದಿನ ವ್ಯಾಪಾರ ಬಿಟ್ಟು ಮಗಳೊಂದಿಗೆ ಹೊಳೆ ದಾಟಿದಳು. ಮರುವರ್ಷ ಆ ಮಗಳು ನಮ್ಮ ಮನೆಯ ಎರಡನೆಯ ಪದವೀಧರೆಯಾದಳು. ಈಗ ಎಂ.ಎಸ್ಸಿ. ಓದುತ್ತಿದ್ದಾಳೆ, ಗಣಿತವೇ.

ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಆ ಸೀಟು ಸಿಕ್ಕಿದ್ದರೆ ಅಕ್ಕನ ಬೆನ್ನಿಗೆ ಅಷ್ಟು ವರ್ಷದ ಭಾರ ತಪ್ಪುತ್ತಿತ್ತು. ಈಗ ನಮ್ಮ ಶಾಲೆಯಲ್ಲಿ ಶನಿವಾರ ಮಕ್ಕಳನ್ನು ನಾನೇ ಕೂರಿಸಿಕೊಳ್ಳುತ್ತೇನೆ. ಮೊದಲ ಒಂದು ತಾಸು ಹಳೆಯ ಪ್ರಶ್ನೆಪತ್ರಿಕೆ, ಎದುರಿಗೆ ಗಡಿಯಾರ. ಅದು ಮಾಷ್ಟ್ರಿಗೆ ನಾನು ಕೊಡುವ ಉತ್ತರ. ಎರಡನೆಯ ತಾಸು ಗಡಿಯಾರ ಮಗುಚಿಟ್ಟು ಇಂಟರ್ನೆಟ್ಟಿನ ಒಗಟು ತೆಗೆಯುತ್ತೇನೆ. ಅದು ಅವರ ಋಣ. ಮೊದಲನೆಯದಕ್ಕೆ ತಡವಾಗಿ ಬರುವ ಮಕ್ಕಳು ಎರಡನೆಯದು ಮುಗಿದರೂ ಏಳುವುದಿಲ್ಲ. ಬೀಗದ ಕೈ ಹಿಡಿದು ನಾನು ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತೇನೆ.