ಅವ್ವನ ಸೋಡಾ ಡಬ್ಬಿಯ ಪಂಚಾಯ್ತಿ

"ಸೊಸೆ ಅತ್ತೆಗೆ ವಿಷ ಹಾಕ್ಯಾಳಂತೆ."

ಕಳೆದ ಭಾನುವಾರ ಗೋವಿನಕೋವಿಯಲ್ಲಿ ಬಸ್ ಇಳಿಯುತ್ತಿದ್ದಂತೆ ಕಿವಿಗೆ ಬಿದ್ದ ಸುದ್ದಿ ಇದು. ಯಾರ ಮನೆಯಲ್ಲಿ ಎಂದು ಕೇಳಿದರೆ, ನಮ್ಮದೇ ಮನೆಯಲ್ಲಿ! ಅತ್ತೆ ನನ್ನವ್ವ. ಸೊಸೆ ನನ್ನ ತಮ್ಮನ ಹೆಂಡತಿ ಶಾರದೆ, ಜಗಳೂರಿನ ಹುಡುಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ.

ಮನೆಗೆ ಓಡಿದರೆ ಅವ್ವ ಗಟ್ಟಿಮುಟ್ಟಾಗಿ ಕಟ್ಟೆಯ ಮೇಲೆ ಕೂತು ಅಕ್ಕಪಕ್ಕದವರಿಗೆ ನಾಲಿಗೆ ತೋರಿಸುತ್ತಿದ್ದಳು. ಸಂಗತಿ ಇಷ್ಟು. ಅವ್ವನಿಗೆ ಗ್ಯಾಸ್. ಉಂಡ ಮೇಲೆ ಒಂದು ಚಮಚ ಅಡಿಗೆ ಸೋಡಾ ನೀರಿಗೆ ಕಲಸಿ ಕುಡಿಯುವುದು ಹಳೆಯ ಚಾಳಿ. (ಡಾಕ್ಟರು ಬೇಡ ಅಂದಿದ್ದಾರೆ. ಅವ್ವ ಯಾವಾಗ ಡಾಕ್ಟರ ಮಾತು ಕೇಳಿದ್ದಾಳೆ?) ಈ ಸಲ ಕುಡಿದಾಗ ಬಾಯೆಲ್ಲ ಉರಿದು ನಾಲಿಗೆಯ ಸಿಪ್ಪೆ ಎದ್ದಿದೆ.

"ಡಬ್ಬಿಗೆ ಬಟ್ಟೆ ಒಗೆಯೋ ಸೋಡಾ ಹಾಕ್ಯಾಳೆ. ಅವರಪ್ಪಗೆ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳ್ಸೀನಿ, ಬಂದು ಕರ್ಕಂಡು ಹೋಗ್ಲಿ" ಎಂದಳು ಅವ್ವ.

ಶಾರದೆ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. "ನಾನು ಆ ಡಬ್ಬಿ ಮುಟ್ಟೇ ಇಲ್ಲ ಅಕ್ಕಾರೆ" ಎಂದಳು, ಅಷ್ಟೇ. ತಮ್ಮ ನೆಲ ನೋಡುತ್ತಿದ್ದ. ಇಂಥ ಮಾತು ಹೊತ್ತು ತವರಿಗೆ ಹೋದ ಹುಡುಗಿಯನ್ನು ಯಾರು ವಾಪಸ್ ಕರೆಯುತ್ತಾರೆ?

ನಾನು ಹೊನ್ನಾಳಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. "ಪರೀಕ್ಷೆ ಮಾಡ್ತೀನಿ, ಅಲ್ಲೀತನಕ ಯಾರೂ ಬಾಯಿ ಬಿಡಬ್ಯಾಡ್ರಿ" ಎಂದು ಗದರಿ, ಡಬ್ಬಿಯ ಸೋಡಾ ಒಂದಿಷ್ಟು, ಅದರ ಜೊತೆಗೇ ಕೊಂಡು ಇನ್ನೂ ಒಡೆಯದಿದ್ದ ಪೊಟ್ಟಣ ಒಂದು, ಎರಡನ್ನೂ ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಲ್ಯಾಬಿನಲ್ಲಿ ಡಬ್ಬಿಯ ಸೋಡಾವನ್ನು ನೀರಿಗೆ ಕಲಸಿ, ಬಣ್ಣದಿಂದ ಗುರುತು ಹೇಳುವ ಇಂಡಿಕೇಟರ್ ಫಿನಾಲ್ಫ್ತಲೀನ್ ಹನಿಸಿದೆ. ಗಾಢ ಗುಲಾಬಿ! ಬರೀ ಅಡಿಗೆ ಸೋಡಾಕ್ಕೆ ಇಷ್ಟು ಬಣ್ಣ ಬರುವುದಿಲ್ಲ. ಬಟ್ಟೆ ಸೋಡಾ ಇರುವುದು ನಿಜ. ಬ್ಯೂರೆಟ್ಟಿನ ಅಳತೆಗೊಳವೆಯಿಂದ ಆಸಿಡ್ ಬಿಡುತ್ತಾ ಹೋದೆ, ಬಣ್ಣ ಹೋಯಿತು. ಅಂದರೆ ಇದ್ದ ಬಟ್ಟೆ ಸೋಡಾ ಅರ್ಧ ದಾರಿಗೆ ಬಂದು ಅಡಿಗೆ ಸೋಡಾ ಆಯಿತು. ಅದೇ ಫ್ಲಾಸ್ಕಿಗೆ ಎರಡನೆಯ ಇಂಡಿಕೇಟರ್, ಮಿಥೈಲ್ ಆರೆಂಜ್. ಹಳದಿ. ಕೆಂಪಿಗೆ ತಿರುಗುವವರೆಗೆ ಮತ್ತೆ ಆಸಿಡ್. ಬರೀ ಬಟ್ಟೆ ಸೋಡಾ ಆಗಿದ್ದರೆ ಮೊದಲು ಹಿಡಿದಷ್ಟೇ ಆಸಿಡ್ ಈಗಲೂ ಹಿಡಿಯಬೇಕು. ಹಿಡಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆ ಹೆಚ್ಚಿನದು ಮೊದಲೇ ಇದ್ದ ಅಡಿಗೆ ಸೋಡಾದ ಪಾಲು. ಡಬ್ಬಿಯಲ್ಲಿ ಎರಡೂ ಬೆರೆತಿವೆ.

ಯಾರೋ ಬೆರೆಸಿದ್ದಾರೆ ಅಂತಲೇ ಆಯಿತಲ್ಲ? ಹುಡುಗಿಯನ್ನು ಉಳಿಸಲು ಹೋಗಿ ನಾನೇ ಸಾಕ್ಷಿ ಒದಗಿಸಿದೆನೇ? ಅಂಗಡಿಯವನ ಮೇಲೆ ಅನುಮಾನಪಟ್ಟು ಪೊಟ್ಟಣದ್ದನ್ನೂ ನೋಡಿದೆ. ಗುಲಾಬಿ ಬಂತೋ ಇಲ್ಲವೋ ಎನ್ನುವಷ್ಟು. ಪಾಪ, ಅವನು ಕೊಟ್ಟದ್ದು ಸರಿಯಾದ ಮಾಲೇ.

ಸಂಜೆಯೇ ಊರಿಗೆ ಹೋಗಿ ಕೇಳಿದೆ, "ಅವ್ವ, ಪೊಟ್ಟಣದಿಂದ ಡಬ್ಬಿಗೆ ಹಾಕಿದ್ದು ಯಾರು?"

"ನಾನೇ. ಮಳೆಗೆ ಗಂಟು ಕಟ್ಟಿತ್ತು. ಉಪ್ಪು ಹುರಿದಂಗೆ ಬಾಣಲೇಲಿ ಹುರಿದು ತುಂಬಿದೆ. ಅದರಾಗೇನೈತೆ?"

ಅಡಿಗೆ ಸೋಡಾ ಕಾದರೆ ಬಟ್ಟೆ ಸೋಡಾ ಆಗುತ್ತದೆ! ಪಿಯುಸಿ ಪಾಠ ಇದು, ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮಳೆಗಾಲ ಬಂದರೆ ರವೆ, ಉಪ್ಪು ಎಲ್ಲ ಹುರಿದಿಡುವ ನಮ್ಮ ಹೆಂಗಸರ ಕೈಗೆ ಸೋಡಾ ಸಿಕ್ಕರೆ ಬಿಟ್ಟಾರೆಯೇ? ಅರೆಬರೆ ಹುರಿದದ್ದಕ್ಕೆ ಡಬ್ಬಿಯಲ್ಲಿ ಎರಡೂ ಉಳಿದಿವೆ. ಕೂತವರಿಗೆಲ್ಲ ಬಿಡಿಸಿ ಹೇಳಿದೆ. ಅವ್ವ ಹೇಳಿ ಕಳಿಸಿದ ಸುದ್ದಿಗೆ ಜಗಳೂರಿನಿಂದ ಬಂದು ಕೂತಿದ್ದ ಶಾರದೆಯ ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಅವ್ವ, "ಆತು, ಹುರಿದೋಳು ನಾನೇ. ಬಾಣಲೆ ತಂದು ಕೊಟ್ಟೋಳು ಯಾರು?" ಎಂದಳು.

ಹೆತ್ತ ತಾಯಿಯ ಬಾಯಲ್ಲಿ ಇಂಥ ಮಾತೇ? ತಮ್ಮ ಮತ್ತೆ ನೆಲ ನೋಡಿದ. ಶಾರದೆ ಒಳಗೆ ಹೋಗಿ ಟ್ರಂಕು ತಂದು, "ಏಳಪ್ಪ, ಬಸ್ಸಿನ ಹೊತ್ತಾತು" ಎಂದಳು.

ಅಪ್ಪ, ಮಗಳು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ತಮ್ಮ ಬಾಯಿ ತೆರೆದ: "ಅಕ್ಕಾ, ಅವಳದೇನೂ ತಪ್ಪಿಲ್ಲ ಅಂತ ಆತಲ್ಲ, ಮತ್ಯಾಕೆ ಹೊಂಟ್ಲು?"